ಹಿರಿಯರ ಎಡೆಯ ಸಿಹಿ

ಬಾರ್ಲಿ ಮೊಳಕೆಯ ನೀರಿನಲ್ಲಿ ಅನ್ನ ಕರಗಿ, ಕಬ್ಬಿಣದ ಹಂಡೆಯಲ್ಲಿ ಕುದಿದು ಕುದಿದು ಪಾಕವಾಗುವ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನಗೆ ಸಣ್ಣ ಹುಡುಗಿಯ ಹಸಿವಾಗುತ್ತದೆ. ಮೊದಲು ಹುಳಿಗಂಜಿಯ ವಾಸನೆ, ಆಮೇಲೆ ಹುರಿದ ಕಾಳಿನದು, ಕೊನೆಗೆ ಹೊಗೆ ಬೆರೆತ ಜೇನಿನದು. ಹಂಡೆ ಕೆರೆದ ಮರದ ಸೌಟನ್ನು ಅಮ್ಮ ಅಣ್ಣನಿಗೆ ಕೊಡುತ್ತಿದ್ದಳು. ಅವನು ಒಂದು ಬದಿ ನೆಕ್ಕಿ, ಇನ್ನೊಂದು ಬದಿಯನ್ನು ನನಗೆ ಉಳಿಸುತ್ತಿದ್ದ.

ಆ ಅಣ್ಣ ಮನ್‌ಸೋಕ್‌ನ ಪಾದ ಈಗ ಹೋಗುವುದರಲ್ಲಿತ್ತು. ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಹುಣ್ಣು ಎಲೆ ಉದುರುವ ಕಾಲದಿಂದಲೂ ಮಾಯದೆ ಕಪ್ಪಿಟ್ಟಿತ್ತು. "ರಕ್ತದಲ್ಲಿ ಸಕ್ಕರೆ ಇಳಿಯದಿದ್ದರೆ ಬೆರಳಷ್ಟೇ ಅಲ್ಲ, ಪಾದವನ್ನೇ ತೆಗೆಯಬೇಕಾದೀತು" ಎಂದಿದ್ದರು ಗ್ವಾಂಗ್‌ಜು ನಗರದ ವೈದ್ಯರು.

ಅತ್ತಿಗೆ ಓಕ್‌ಬುನ್ ಅವತ್ತೇ ಕಪಾಟು ಜಾಲಾಡಿ, ಸೊಸೆ ಹೇರಾನ್ ಮಕ್ಕಳಿಗೆಂದು ತಂದಿಟ್ಟಿದ್ದ ಬಿಸ್ಕತ್ತು, ಚಾಕೊಲೇಟ್ ಕೇಕು, ಚಿಪ್ಸ್ ಎಲ್ಲವನ್ನೂ ಅಂಗಳಕ್ಕೆ ಎಸೆದಳು. ಆದರೂ ಸಕ್ಕರೆ ಇಳಿಯಲಿಲ್ಲ.

"ನೀನೇ ಕದ್ದು ತಿನ್ನಿಸ್ತಿದೀಯ ಮಾವನಿಗೆ. ಪಟ್ಟಣದೋಳು, ಬೆಣ್ಣೆ ವಾಸನೆ ಇಲ್ದಿದ್ರೆ ನಿಂಗೆ ಉಸಿರೇ ಆಡಲ್ಲ."

"ಇಲ್ಲ ಅತ್ತೆ. ಅವತ್ತಿಂದ ಒಂದು ಪೊಟ್ಟಣಾನೂ ತಂದಿಲ್ಲ," ಎಂದಳು ಹೇರಾನ್, ಕಣ್ಣೆತ್ತದೆ.

ಸೊಲ್ಲಾಲ್ ಹೊಸ ವರ್ಷ ಹತ್ತಿರವಾಗಿತ್ತು. ನನ್ನ ತವರು ವಂಶದ ಹಿರೀಮನೆ. ವರ್ಷವಿಡೀ ಒಬ್ಬರಲ್ಲ ಒಬ್ಬ ಪೂರ್ವಜರ ಎಡೆ ಇದ್ದೇ ಇರುತ್ತದೆ. ಎಡೆ ಇಳಿಸಿದ ಮೇಲೆ ಮೊದಲ ತುತ್ತು ಮನೆಯ ಹಿರಿಯ ಮಗನದು. ಬೇಡವೆನ್ನುವ ಹಾಗಿಲ್ಲ. ಸಹಾಯಕ್ಕೆಂದು ನಾನು ಹೋದಾಗ ಅತ್ತಿಗೆ ಅಕ್ಕಿಯ ಅರಳಿಗೆ ಎಳ್ಳು, ಪೈನ್ ಬೀಜ ಸೇರಿಸಿ, ಪಾಕದಲ್ಲಿ ಕಲಸಿ, ಎಡೆಗಿಡುವ ಗಾಂಗ್‌ಜೊಂಗ್ ಚಿಕ್ಕಿ ಕತ್ತರಿಸುತ್ತಿದ್ದಳು. ಬೆಚ್ಚಗಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಅಣ್ಣನ ತಟ್ಟೆಗೆ ಮುರಿದ ಅಂಚುಗಳು ಬೀಳುತ್ತಿದ್ದವು.

"ಅತ್ತಿಗೆ, ಅಣ್ಣನಿಗೆ ಇದೂ ಬೇಡ ಅನ್ಸತ್ತೆ," ಎಂದೆ.

"ಇದಾ? ಇದ್ರಲ್ಲಿ ಒಂದು ಕಾಳು ಸಕ್ಕರೆ ತೋರ್ಸು ನೋಡಣ. ಅಕ್ಕಿ, ಬಾರ್ಲಿ, ಎಳ್ಳು. ಹಿರಿಯರ ಎಡೆಗೆ ಇಡೋದು ಕಣೇ. ತಮ್ಮ ಮಗನ ಕಾಲು ತಾವೇ ತೆಗೀತಾರಾ ಅವ್ರು?"

"ಬಂದ್ಲಪ್ಪ ಕಾಲೇಜು ಕಲ್ತೋಳು, ನನ್ನ ಬಾಯಿಗೆ ಬೀಗ ಹಾಕೋಕೆ!" ಅಣ್ಣ ನಕ್ಕ.

ನಾನು ಶಾಲೆಯಲ್ಲಿ ಆಹಾರದ ಪಾಠ ಹೇಳಿದವಳು. ಎಳ್ಳು, ಬೀಜ ಒಳ್ಳೆಯವೇ. ಬೆಣ್ಣೆ, ಬಣ್ಣ ಬೆರೆಸಿದ ಪೊಟ್ಟಣದ ತಿಂಡಿಗಿಂತ ಮಕ್ಕಳ ಕೈಗೆ ಇದನ್ನೇ ಕೊಡಿ ಎಂದು ಈಗಲೂ ಹೇಳುತ್ತೇನೆ. ಆದರೆ ಮೊಳಕೆ ಬಾರ್ಲಿ ಅನ್ನವನ್ನು ಸಿಹಿ ಮಾಡುವುದೇ ಅದನ್ನು ಸಕ್ಕರೆಯಾಗಿ ಒಡೆದು. ಅಣ್ಣನ ರಕ್ತಕ್ಕೆ ಬಿಸ್ಕತ್ತೂ ಒಂದೇ, ಇದೂ ಒಂದೇ. ಅತ್ತಿಗೆಗೆ ಇದನ್ನು ಹೇಳುವುದು ಹೇಗೆ? ಮದುವೆಯಾಗಿ ಬಂದಾಗಿನಿಂದ ಈ ಹಂಡೆಯ ಮುಂದೆ ಕೂತವಳು ಅವಳು.

"ಬೆರಳು ಚುಚ್ಚಿ ಸಕ್ಕರೆ ನೋಡಣ. ಬೆಳಗ್ಗಿಂದ ನಾವೆಲ್ಲ ಇಲ್ಲೇ ಇದೀವಿ, ಬಿಸ್ಕತ್ತು ಯಾರೂ ಕೊಟ್ಟಿಲ್ಲ," ಎಂದೆ ಮೆಲ್ಲಗೆ.

"ನೋಡು, ನೋಡು. ನಂಗೇನು ಭಯ?"

ತಟ್ಟೆ ಖಾಲಿಯಾಗಿ ಒಂದು ಗಂಟೆಯ ಮೇಲೆ ಚುಚ್ಚಿದೆ. ಸಕ್ಕರೆ ಬೆಳಗ್ಗೆ ನೋಡಿದ್ದ ಅಂಕಿಯ ಹೆಚ್ಚುಕಡಿಮೆ ಎರಡರಷ್ಟಾಗಿತ್ತು.

"ಕೈಗೆ ಪಾಕ ಮೆತ್ಕೊಂಡಿದೆ, ಅದಕ್ಕೇ," ಎಂದ ಅತ್ತಿಗೆ ಬಿಸಿನೀರು ತಂದು, ಅಣ್ಣನ ಒಂದೊಂದು ಬೆರಳನ್ನೂ ತಿಕ್ಕಿ ತೊಳೆದು, ತಾನು ಸೊಂಟಕ್ಕೆ ಕಟ್ಟಿದ್ದ ಅಡುಗೆಯ ಮುಂಬಟ್ಟೆಯಲ್ಲಿ ಒರೆಸಿದಳು. "ಈಗ ಚುಚ್ಚು."

ಅಂಕಿ ಇಳಿಯಲಿಲ್ಲ.

ಅತ್ತಿಗೆ ಎದ್ದು ಒಲೆಯ ಕಡೆ ಹೋದಳು. ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಹೇರಾನ್, ಬೇಕಿದ್ದರೆ ಒಂದು ಮಾತು ಆಡಬಹುದಿತ್ತು. ಅವಳು ಬೆರಳು ತೊಳೆದ ನೀರಿನ ಬೋಗುಣಿಯನ್ನು ಹೊರಗೆ ಒಯ್ದಳು.

ಆ ವಾರವೇ ಅಣ್ಣನಿಗೆ ಜ್ವರ ಏರಿತು. ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆದರು. ಪಾದದ ವಿಷಯ ಇನ್ನೂ ಕಾದು ನೋಡಬೇಕು ಎಂದರು. ಹೇರಾನ್ ಅವನ ಮಂಚದ ಪಕ್ಕದ ಗಿಡ್ಡ ಹಲಗೆಯ ಮೇಲೆ ಮಲಗಿ, ಎದ್ದು, ಅಂಗಡಿಯ ಒಣ ನೂಡಲ್ಸ್ ತಿಂದು ದಿನ ತಳ್ಳುತ್ತಿದ್ದಳು.

ಹೊಸ ವರ್ಷದ ದಿನ ನಾನಲ್ಲಿದ್ದೆ. ಮನೆಯ ಪೂಜೆ ಮುಗಿಸಿ ಮಧ್ಯಾಹ್ನಕ್ಕೆ ಅತ್ತಿಗೆ ಬಟ್ಟೆಯ ಗಂಟು ಹಿಡಿದು ಬಂದಳು.

"ಎಡೆ ತಂದ್ಯಾ?" ಅಣ್ಣ ದಿಂಬಿನಿಂದ ತಲೆಯೆತ್ತಿದ. "ಹಿರಿಯರು ನಂಗೇನು ಕಳಿಸಿದಾರೆ?"

"ಸಿಹಿ ಎಲ್ಲ ಅವ್ರೇ ತಿಂದ್ಕೊಂಡ್ರು. ಅವ್ರಿಗೇನು, ಕಾಲಿನ ಚಿಂತೆ ಇಲ್ಲ."

ಅಣ್ಣ ನಗಲು ಹೋಗಿ, ಹೊದಿಕೆಯಡಿಯ ಕಾಲನ್ನು ನೋಡಿದ. ಅತ್ತಿಗೆ ಅವನ ಮುಂದೆ ಬಾರ್ಲಿ ಬೆರೆಸಿದ ಸ್ವಲ್ಪ ಅನ್ನ, ಬೇಯಿಸಿದ ಪಾಲಕ್, ತೋಫು ಇಟ್ಟಳು. ಸಿಹಿಯ ಡಬ್ಬಿ ಗಂಟಿನಲ್ಲಿ ಇರಲೇ ಇಲ್ಲ.

ಕೆಳಗೆ ಇನ್ನೊಂದು ಡಬ್ಬಿಯಿತ್ತು, ದಪ್ಪ ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿದ್ದು. ನನಗಿರಬೇಕು ಅಂದುಕೊಂಡೆ. ಅತ್ತಿಗೆ ಮುಚ್ಚಳ ತೆಗೆದಳು. ಬಿಸಿ ಅನ್ನ, ಪಕ್ಕದಲ್ಲಿ ಎಡೆಯ ಮೀನು, ಮುಳ್ಳು ಒಂದೂ ಬಿಡದೆ ಆರಿಸಿದ್ದು. ಅದರ ಮೇಲೆ ಚಮಚವಿಟ್ಟು, ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ಹಲಗೆಯ ತುದಿಯಲ್ಲಿ ಕೂತಿದ್ದ ಹೇರಾನ್‌ಗೆ ಕೊಟ್ಟಳು.