ದಂಡಿಗೆ ಬಂದ ಒಂಟೆ, ಬಾಯಿಗೆ ಬಾರದ ಹೆಸರು

ಅನ್ನಪೂರ್ಣವ್ವನಿಗೆ ಅಮೆರಿಕದ ಪೌರತ್ವ ಬೇಕಾಗಿದ್ದುದು ಒಂದೇ ಕಾರಣಕ್ಕೆ. ಗದಗಿನಲ್ಲಿ ಅಣ್ಣನ ಮನೆಯಲ್ಲಿದ್ದ ಅವ್ವನನ್ನು ಕರೆಸಿಕೊಳ್ಳಬೇಕು. ಪೌರತ್ವದ ಪರೀಕ್ಷೆಗೆಂದು 1978ರ ಬೇಸಗೆಯಿಡೀ ತಾವಿದ್ದ ರಾಂಚೊ ಬರ್ನಾರ್ಡೊದ ಲೈಬ್ರರಿಯಿಂದ ಚರಿತ್ರೆಯ ಪುಸ್ತಕ ಹೊತ್ತು ತಂದು, ಒಗ್ಗರಣೆ ಹಾಕುತ್ತಲೇ ಓದಿದ್ದಳು. ಗಂಡ ದಾನಪ್ಪ ರಸ್ತೆ, ಸೇತುವೆ ಕಟ್ಟಿಸುವ ಇಂಜಿನಿಯರು. ಹೋದ ವರ್ಷವೇ ಪಾಸಾಗಿ ಮೀಸೆ ತಿರುವುತ್ತಿದ್ದ.

“ಹಿಂದಕ ಇವರ ಸೈನ್ಯದ ದಂಡಿಗೆ ಒಂಟಿ ತರಿಸಿದ್ರಂತ ಓದಾಕತ್ತಿ. ಅದನ್ನ ಯಾವ ಸಾಹೇಬ ಕೇಳ್ತಾನ?” ಎಂದು ನಗುತ್ತಿದ್ದ.

ಕೇಳಲಿಲ್ಲ, ನಿಜ. ಸ್ಯಾನ್ ಡಿಯಾಗೊದ ಕಚೇರಿಯಲ್ಲಿ ನಿಜವನ್ನೇ ಹೇಳುವೆನೆಂದು ಪ್ರಮಾಣ ಮಾಡಿಸಿದ ಅಧಿಕಾರಿ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಕೊನೆಗೆ ಆತ ಫೈಲು ತಿರುವಿ, “ನಿಮ್ಮ ಗಂಡನ ಹೆಸರು?” ಎಂದ. ಅನ್ನಪೂರ್ಣವ್ವ ಪೆನ್ನಿಗೆ ಕೈಚಾಚಿದಳು!

ಅವಳ ಸೀಮೆಯಲ್ಲಿ ಗಂಡನ ಹೆಸರನ್ನು ಬರಿದೇ ಹೇಳುವುದುಂಟೇ? ಒಡಪು ಹಾಕಿ, ಪ್ರಾಸದ ಸಾಲುಗಳಲ್ಲಿ ಸೇರಿಸಿ ಹೇಳಬೇಕು. ಬರೆದುಕೊಡುತ್ತೇನೆಂದರೆ ಅಧಿಕಾರಿ ಒಪ್ಪಲಿಲ್ಲ. ಗಂಡನ ಹೆಸರು ಹೇಳಲಾರದ ಹೆಂಡತಿಯೇ? ಮದುವೆಯೇ ಸುಳ್ಳಿರಬೇಕೆಂದು ಪೆನ್ನು ಕೆಳಗಿಟ್ಟ. ಅವ್ವ ಬರುವ ದಾರಿಯೇ ಮುಚ್ಚಿತಲ್ಲ! ಆದದ್ದಾಗಲಿ ಎಂದು ಸೆರಗು ಸರಿಮಾಡಿಕೊಂಡು ಶುರುಮಾಡಿದಳು:

“ಹಡಗಿನ್ಯಾಗ ಒಂಟಿ ಬಂದ್ವು ಅಮೆರಿಕದ ದಂಡಿಗೆ,
ಹೇಸರಗತ್ತಿ ಹೆದರಿ ಒದ್ದುವು ಕಟ್ಟಿದಂಥ ಬಂಡಿಗೆ;
ಒಂಟಿಯಂಥಾ ಹಟಮಾರಿ, ಆದ್ರೂ ನನ್ನ ದೇವರು,
ದಾನಪ್ಪ ಅಂತ ಹೇಳ್ತೀನಿ, ಕೇಳ್ರಿ ಎಲ್ಲಾ ಸಾಹೇಬರು!”

ಆಮೇಲೆ ನಾಲ್ಕೂ ಸಾಲನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. “ನಮ್ಮ ಸೈನ್ಯದಲ್ಲಿ ಒಂಟೆಯೇ? ತಮಾಷೆ ಮಾಡ್ತೀರಾ?” ಎಂದು ಅಧಿಕಾರಿ ಕೆರಳಿದ.

ಪಕ್ಕದ ಮೇಜಿನ ನರೆಗೂದಲಿನವನು ಹೋ ಎಂದು ನಕ್ಕುಬಿಟ್ಟ. “ಇದ್ದವಪ್ಪಾ, ನೂರಿಪ್ಪತ್ತು ವರ್ಷದ ಹಿಂದೆ! ಲಾಸ್ ಏಂಜಲಿಸ್‌ಗೂ ಬಂದಿದ್ದವು. ನಿನಗಿಂತ ಆಕೆಗೇ ಚೆನ್ನಾಗಿ ಗೊತ್ತು.”

ಅಧಿಕಾರಿಯ ಮುಖ ಕೆಂಪಾಯಿತು. ಆದರೂ ಪಟ್ಟು ಬಿಡದೆ, ಹೊರಗೆ ಕೂತಿದ್ದ ದಾನಪ್ಪನನ್ನು ಕರೆಸಿದ. “ನಿಮ್ಮ ಹೆಂಡತಿಯ ಹೆಸರು ಹೇಳಿ. ಫೈಲಿಗೆ ತಾಳೆಯಾದರೆ ಈಗಲೇ ಮುದ್ರೆ ಒತ್ತುತ್ತೇನೆ.”

ದಾನಪ್ಪ ಕೆಮ್ಮಿದ. ಟೈ ಸಡಿಲಿಸಿದ. ಅವನೂ ಅದೇ ಸೀಮೆಯವನಲ್ಲವೇ! ‘ಏ, ಕೇಳಿಸ್ತೇನ’ ಎಂದು ಕರೆದೇ ಹದಿನಾಲ್ಕು ವರ್ಷ ದೂಡಿದ್ದ. ಮದುವೆಯಲ್ಲಿ ಯಾರೋ ಕಿವಿಯಲ್ಲಿ ಹೇಳಿಕೊಟ್ಟಿದ್ದ ಒಡಪು ಎಂದೋ ಮರೆತುಹೋಗಿತ್ತು.

“ಹೇಳ್ರೀ! ನಮ್ಮವ್ವ ಬರೂದು ಬ್ಯಾಡೇನು?” ಅನ್ನಪೂರ್ಣವ್ವ ಗದರಿದಳು.

ದಾನಪ್ಪ ಕಣ್ಣು ಮುಚ್ಚಿ ಒದರಿದ:

“ರಸ್ತೆ ಕಟ್ಟಿದೆ, ಸೇತುವೆ ಕಟ್ಟಿದೆ, ಪ್ರಾಸ ಕಟ್ಟಾಕ ಬರವಲ್ದು,
ಅನ್ನಪೂರ್ಣಾ ಇಲ್ದಿದ್ರ ನನಗ ತುತ್ತೂ ಗಂಟಲಾಗ ಇಳಿವಲ್ದು!”

ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳಿಗೆ ನಾಚಿಕೆ, ನಗು, ಅಳು ಎಲ್ಲ ಒಟ್ಟಿಗೇ ಬಂದವು. ಅಧಿಕಾರಿ ಅರ್ಥ ಕೇಳುವ ಗೋಜಿಗೇ ಹೋಗದೆ ಮುದ್ರೆ ಒತ್ತಿದ.

“ಬಂದುಬಿಡು ಅವ್ವಾ ಇನ್ನ,” ಎನ್ನುತ್ತ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.