ಬಂಡೆಗಳಿಗೆ ಸ್ಟೂಲ್

ಬಿಡದಿಯ ಆ ಕಾರ್ಖಾನೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಕಾರಿನ ಸೀಟಿಗೆ ಕವರ್ ಹೊಲಿಯುತ್ತಿದ್ದ ನಲವತ್ತೆರಡು ಹೆಂಗಸರಿಗೆ ಕೂರಲು ಮಾತ್ರ ಸೀಟಿರಲಿಲ್ಲ. ನಿಂತು ಹೊಲಿದರೆ ಕೈ ಚುರುಕು ಎಂದು ಯಾರೋ ಕೂತು ಲೆಕ್ಕ ಹಾಕಿದ್ದರು. ಮಾರನೆಯ ದಿನವೇ ಸ್ಟೂಲುಗಳೆಲ್ಲ ಗೋಡೌನು ಸೇರಿದ್ದವು.

ಬೈರಮಂಗಲದ ಪ್ರತಿಮಾಗೆ ಐದು ತಿಂಗಳು. ಸಂಜೆಯಾದರೆ ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ‘ಕೂತು ಮಾಡೋ ಹಾಗಿದ್ರೆ ಮಾಡು, ಇಲ್ಲಾಂದ್ರೆ ಕೆಲಸ ಬಿಡು’ ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದರು. ಬಿಡಲು ಅವಳಿಗೆ ಮನಸ್ಸಿಲ್ಲ. ಏಳು ವರ್ಷ ಪಳಗಿದ ಕೈ ಅದು. ಬಸುರಿಯಾಗಿ ಹೊರಗೆ ಹೋದ ಒಬ್ಬಳನ್ನೂ ಆ ಗೇಟು ಮತ್ತೆ ಒಳಗೆ ಬಿಟ್ಟುಕೊಂಡಿರಲಿಲ್ಲ. ಅವಳಿಗೆ ಬೇಕಾದದ್ದು ಒಂದು ಸ್ಟೂಲು.

ಅದನ್ನು ಕೇಳುವುದೇ ಕಷ್ಟ. ಅರ್ಜಿಗಳನ್ನು ನೋಡುತ್ತಿದ್ದ ಎಚ್.ಆರ್. ವಿಭಾಗದ ಸಿದ್ಧಾರ್ಥ ಜಪಾನಿನಲ್ಲಿ ಹದಿನೈದು ದಿನ ಇದ್ದು ಬಂದವನು. ನಮ್ಮ ಗುಡುಗುಡು, ಚುರುಚುರು ಇದ್ದ ಹಾಗೆ, ಸದ್ದನ್ನೂ ನೋವನ್ನೂ ನೋಟವನ್ನೂ ಎರಡೆರಡು ಸಲ ನುಡಿದು ಕಟ್ಟಿಕೊಡುವ ಪದಗಳು ಅಲ್ಲಿ ರಾಶಿ ಇವೆಯಂತೆ. ಅವುಗಳಲ್ಲಿ ವಾರಕ್ಕೊಂದನ್ನು ಕಾರ್ಖಾನೆಯೆಲ್ಲ ಕಲಿಯಬೇಕು ಎಂದು ಅವನ ಹುಕುಂ. ಆ ವಾರದ ಪ್ರತಿ ಅರ್ಜಿಯಲ್ಲೂ ಆ ಪದ ಸರಿಯಾದ ಅರ್ಥದಲ್ಲಿ ಬಂದಿರಬೇಕು. ಬೆಳಗಿನ ಕವಾಯತಿನಲ್ಲಿ ಅದನ್ನು ಮೈಯಲ್ಲಿ ಮಾಡಿ ತೋರಿಸಬೇಕು. ಪದ ಮುಗಿದ ಮೇಲಷ್ಟೇ ವಿಶಲ್. ಅಲ್ಲಿಯವರೆಗೆ ತೋರಿಸುವವರನ್ನು ಯಾರೂ ಮುಟ್ಟಕೂಡದು. ಈ ನಿಯಮಕ್ಕೆ ಫ್ರೇಮು ಹಾಕಿಸಿ ಗೋಡೆಗೆ ಹೊಡೆಸಿದ್ದ.

ಆ ವಾರದ ಪದ ‘ಗೊರೊ ಗೊರೊ’. ಗುಡುಗಿದರೂ ಗೊರೊ ಗೊರೊ, ಪೀಪಾಯಿ ಉರುಳಿದರೂ ಗೊರೊ ಗೊರೊ. ಹೊಟ್ಟೆ ಗುಡುಗುಟ್ಟುವುದು, ಬೆಕ್ಕು ಗುರುಗುಟ್ಟುವುದು, ಕಣ್ಣಲ್ಲಿ ಕಸ ಬಿದ್ದು ಒತ್ತುವುದು, ಮನೆಯಲ್ಲಿ ಕೆಲಸವಿಲ್ಲದೆ ಬಿದ್ದುಕೊಂಡಿರುವುದು, ದಪ್ಪ ಬಂಡೆಗಳು ಎಲ್ಲೆಂದರಲ್ಲಿ ಹರಡಿ ಬಿದ್ದಿರುವುದು, ಎಲ್ಲವೂ ಅದೇ.

ಸೋಮವಾರ ಪ್ರತಿಮಾ ಬರೆದಳು: ‘ನಿಂತು ನಿಂತು ಸೊಂಟದಲ್ಲಿ ಗೊರೊ ಗೊರೊ ಆಗುತ್ತಿದೆ. ಸ್ಟೂಲ್ ಕೊಡಿ.’

ಸಿದ್ಧಾರ್ಥ ಕೆಂಪು ಪೆನ್ನಲ್ಲಿ ಗೀಟೆಳೆದ. “ನೋಡಮ್ಮಾ, ಹೊಟ್ಟೇಲಾಗುತ್ತೆ, ಕಣ್ಣಲ್ಲಾಗುತ್ತೆ. ಸೊಂಟಕ್ಕೆ ಈ ಪದ ಬರಲ್ಲ.”

“ನೋವು ಬತ್ತೈತಲ್ಲ ಸಾರ್.”

“ನೋವು ಬರಬಹುದು. ಪದ ಬರಲ್ಲ.”

ಮಂಗಳವಾರ ಬರೆದಳು: ‘ಸ್ಟೂಲ್ ಇಲ್ಲದಿದ್ದರೆ ನಾನು ಮನೆಯಲ್ಲಿ ಗೊರೊ ಗೊರೊ ಇರಬೇಕಾಗುತ್ತದೆ.’ ಪ್ರಯೋಗ ಚೆನ್ನಾಗಿದೆ ಎಂದು ಸಿದ್ಧಾರ್ಥ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟ. ಸೋಮಾರಿತನವನ್ನು ತಾನೇ ಒಪ್ಪಿಕೊಂಡಿದ್ದಾಳೆಂದು ಜೊತೆಗೊಂದು ನೋಟಿಸನ್ನೂ ಕೊಟ್ಟ.

ಪಕ್ಕದ ಮಿಷನ್ನಿನ ಧನಲಕ್ಷ್ಮಿ ನೋಟಿಸು ಓದಿ ಹಲ್ಲು ಕಡಿದಳು. “ಒಂಬತ್ತು ಕೊಟ್ಟವ್ನಲ್ಲ ಕಣಮ್ಮಿ! ಇನ್ನೊಂದ್ ಮಾರ್ಕು ಯಾವುದಕ್ಕೆ ಕಿತ್ಕೊಂಡ?”

“ಮೈಯಲ್ಲಿ ಮಾಡಿ ತೋರಿಸ್ಲಿಲ್ಲ ಅಂತ.”

“ತೋರಿಸಾನ ಬುಡು. ನಮ್ಮೂರ್ನಾಗೆ ಬಂಡೆಗೇನ್ ಬರವಾ?”

ಬುಧವಾರ ಬೆಳಗಿನ ಕವಾಯತು. ಗಂಡಸರು ಗುಡುಗಿದರು, ಉರುಳಿದರು, ಬೆಕ್ಕಾದರು, ವಿಶಲ್ ಬಿತ್ತು, ಹೋದರು. ಹೊಲಿಗೆಯವರ ಸರದಿ ಬಂದಾಗ ಪ್ರತಿಮಾ ತನ್ನ ಮಿಷನ್ನಿನ ಹತ್ತಿರ, ನಡೆದಾಡುವ ದಾರಿಯಲ್ಲೇ, ಎಡಕ್ಕೆ ಹೊರಳಿ ಮಲಗಿದಳು. ಪಕ್ಕೆಗೆ ನೆಲದ ತಂಪು ತಾಗಿದಾಗ ಅಳು ಬರುವಂತಾಯಿತು. ಬಂಡೆ ಅಳಬಾರದೆಂದು ತಡೆದುಕೊಂಡಳು. ಧನಲಕ್ಷ್ಮಿ ಬಿದ್ದಳು. ಯಲ್ಲಮ್ಮ ಬಿದ್ದಳು. ಐದು ನಿಮಿಷದಲ್ಲಿ ನಲವತ್ತೆರಡು ಬಂಡೆಗಳು.

“ಸಾಕು, ಚೆನ್ನಾಗಿದೆ, ಏಳ್ರಮ್ಮಾ.”

ಯಾರೂ ಏಳಲಿಲ್ಲ. ಸಿದ್ಧಾರ್ಥ ವಿಶಲ್ ಬಾಯಿಗಿಟ್ಟವನು ಹಾಗೇ ನಿಂತ. ಗುಡುಗು ಮುಗಿಯುತ್ತದೆ, ಪೀಪಾಯಿ ನಿಲ್ಲುತ್ತದೆ. ಬಂಡೆ ಬಿದ್ದಿರುವುದು ಮುಗಿಯುವುದು ಯಾವಾಗ? ಅವನ ನಿಯಮದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಊದಿದರೆ ತನ್ನ ಫ್ರೇಮಿಗೆ ತಾನೇ ಕಲ್ಲು ಹೊಡೆದಂತೆ. ಸೆಕ್ಯುರಿಟಿಯ ಕೆಂಪರಾಜುವನ್ನು ಕರೆದ. “ಎತ್ರೀ ಇವರನ್ನ!”

ಮಾಗಡಿ ಕಡೆಯ ಕೆಂಪರಾಜು ನಲವತ್ತೆರಡನ್ನೂ ಒಂದು ಸುತ್ತು ನೋಡಿ ಬಂದ. “ಮುಟ್ಟಂಗಿಲ್ಲ ಅಂತ ನೀವೇ ಬರ್ಸಿದೀರಿ ಸಾರ್. ಅದೂ ಅಲ್ದೆ, ಬಂಡೆ ಅಲ್ಲಾಡ್ಸಕ್ಕೆ ಗಣಿ ಇಲಾಖೆ ಪರ್ಮಿಷನ್ ಬೇಕು.”

ಯಲ್ಲಮ್ಮನ ಬಂಡೆ ಒಸಿ ಕುಲುಕಿತು.

ಹತ್ತೂವರೆಗೆ ಜಪಾನಿನಿಂದ ತಪಾಸಣೆಗೆ ಬಂದಿದ್ದ ಹಯಾಶಿ ಎಂಬ ಮುದುಕ ಒಳಗೆ ಕಾಲಿಟ್ಟ. ನಿಂತ ಮಿಷನ್ನುಗಳನ್ನು ನೋಡಿದ, ನೆಲ ನೋಡಿದ, ಸಿದ್ಧಾರ್ಥನನ್ನು ನೋಡಿದ. ಸಿದ್ಧಾರ್ಥ ಬೆವರುತ್ತ ಆ ಎರಡು ಶಬ್ದ ನುಡಿದ. ಮುದುಕನ ಮುಖ ಅರಳಿತು. ನಿನ್ನೆ ನೋಡಿ ಬಂದ ರಾಮನಗರದ ಬೆಟ್ಟದ ಬುಡ ಥೇಟ್ ಹೀಗೇ ಇತ್ತು, ಇಷ್ಟು ಸರಿಯಾದ ಪ್ರಯೋಗವನ್ನು ತಾನು ಜಪಾನಿನಲ್ಲೂ ಕಂಡಿಲ್ಲ ಎಂದು ಪ್ರತಿಮಾಳ ಕಡೆಗೆ ಬಗ್ಗಿ ವಂದಿಸಿದ. ಆಮೇಲೆ ಮುಖ ಗಂಟಿಕ್ಕಿ, ನೆಲದ ಹಳದಿ ಗೆರೆ ತೋರಿಸಿದ. ನಡೆದಾಡುವ ದಾರಿಯಲ್ಲಿ ಬಂಡೆಗಳೇ? ಕಾರ್ಖಾನೆಯಲ್ಲಿ ಯಾವ ಸಾಮಾನನ್ನೂ ನೆಲದ ಮೇಲಿಡಕೂಡದು. ನೆಲದಿಂದ ಒಂದೂವರೆ ಅಡಿ ಮೇಲಿರಬೇಕು. ಈಗಲೇ.

ಒಂದೂವರೆ ಅಡಿಯ ಎತ್ತರದ್ದೇನಿದೆ ಎಂದು ಇಡೀ ಆಫೀಸು ಹುಡುಕಿತು. ಗೋಡೌನಿನ ಬೀಗ ತೆಗೆದರು. ನಲವತ್ತೆರಡು ಸ್ಟೂಲುಗಳು ಧೂಳು ಕೊಡವಿಸಿಕೊಂಡು ಬಂದವು. ಮಿಷನ್ನಿಗೊಂದರಂತೆ ಇಟ್ಟ ಮೇಲೆ ಬಂಡೆಗಳು ತಾವಾಗಿಯೇ ಎದ್ದು ಅವುಗಳ ಮೇಲೆ ಕೂತವು. ಮಿಷನ್ನುಗಳು ಮತ್ತೆ ಸದ್ದು ಮಾಡತೊಡಗಿದವು.

ಮುದುಕ ಹೊರಟದ್ದೇ ತಡ, ಸಿದ್ಧಾರ್ಥ ಟೈಪು ಮಾಡಿದ ಕಾಗದ ಹಿಡಿದು ಬಂದ. “ಸ್ಟೂಲ್ ಬೇಕು ಅಂದ್ರೆ ಸೈನ್ ಹಾಕಿ. ಕೆಲಸದವರು ಕೂರೋದಕ್ಕೆ ರೂಲ್ಸಿಲ್ಲ. ಬಂಡೆಗಳನ್ನ ಇಡೋದಕ್ಕೆ ಇದೆ.”

ಪ್ರತಿಮಾ ಎರಡು ಸಲ ಓದಿದಳು. ‘ಕೆಳಗೆ ಸಹಿ ಮಾಡಿರುವ ನಾನು ಬಂಡೆಯಾಗಿದ್ದು...’

“ಟಾರ್ಗೆಟ್ಟು?”

“ಟಾರ್ಗೆಟ್ ಅಷ್ಟೇ ಇರುತ್ತೆ.”

“ಹೆರಿಗೆ ಆಗಿ ಬಂದ್ಮ್ಯಾಲೆ?”

ಅವನು ಕಾಗದ ತಿರುಗಿಸಿ ನೋಡಿದ. ಬಂಡೆಯ ಹೆರಿಗೆಯ ಬಗ್ಗೆ ಅಲ್ಲೇನೂ ಇರಲಿಲ್ಲ.

“ಬರೀರಿ ಸಾರ್,” ಅಂದಳು ಪ್ರತಿಮಾ. “ಬಂಡೆ ಹೋದ್ರೂ ಬಂದ್ರೂ ಈ ಜಾಗ ಅದ್ರದ್ದೇ ಅಂತ. ಬರ್ದ್ರೆ ಸೈನು. ಇಲ್ದಿದ್ರೆ ಇನ್ನೊಂದ್ಸಲ ನೆಲಕ್ಕೆ.”

ನಲವತ್ತೊಂದು ಮಿಷನ್ನುಗಳ ಸದ್ದು ನಿಂತಿತು. ಸಿದ್ಧಾರ್ಥ ಬರೆದ. ಅವಳು ಸಹಿ ಹಾಕಿ ಕಾಗದವನ್ನು ಮಡಿಲಲ್ಲೇ ಇಟ್ಟುಕೊಂಡಳು.

“ಕೊಡಮ್ಮಾ ಇತ್ಲಾಗೆ.”

“ಬಂಡೆ ಎದ್ದು ಬರಲ್ಲ ಸಾರ್. ಬಗ್ಗಿ ಇಸ್ಕೊಳಿ.”