ಸವೆದ ಉಪ್ಪುಕಾಗದ

"ಇನ್ನೊಂದು ಸಲ ಜಗ್ಗಿದರೆ ಬಾಗಿಲು ಬರಲ್ಲ, ಗೋಡೆ ಬರುತ್ತೆ," ಎಂದು ಮೊಳೆ ಮಾಮ ಹೇಳಿ ಮುಗಿಸುವಷ್ಟರಲ್ಲಿ ಪುಟ್ಟಿಯ ಅಣ್ಣ ಇನ್ನೊಂದು ಸಲ ಜಗ್ಗಿಯೇ ಬಿಟ್ಟಿದ್ದ. ಬಾಗಿಲು ಮಿಸುಕಲಿಲ್ಲ. ಮೇಲಿನ ಬಿರುಕಿನಿಂದ ಒಂದು ಹಿಡಿ ಗಾರೆ ಉದುರಿ ಅವನ ತಲೆಯ ಮೇಲೆ ಬಿತ್ತು. ನಲವತ್ತೂ ತುಂಬದ ಅಣ್ಣ ನಿಂತ ನಿಲುವಿನಲ್ಲೇ ಮುದುಕನಾದ.

ಪುಟ್ಟಿ ಪೊರಕೆ ತಂದು ಗಾರೆಯನ್ನು ಒಂದು ಬದಿಗೆ ಗುಡಿಸಿದಳು. ಮೂವತ್ತೊಂದಾದರೂ ಈ ಮನೆಯಲ್ಲಿ ಅವಳು ಪುಟ್ಟಿಯೇ. ಜನ ತುಂಬಿದಾಗ ಕೈಗೊಂದು ಕೆಲಸ ಸಿಕ್ಕರೆ ಅವಳಿಗೆ ಸಮಾಧಾನ, ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ನಡುಮನೆಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಪ್ಪ. ನಿನ್ನೆ ಬೆಳಿಗ್ಗೆ ಅರ್ಧ ಲೋಟ ನೀರು ಕುಡಿದು, ಸಾಕು ಎಂದು ಕೈಯಲ್ಲೇ ತೋರಿಸಿ, ಹೋಗಿಬಿಟ್ಟಿದ್ದರು.

ತೊಂದರೆ ಇಷ್ಟೇ. ಮುಂಬಾಗಿಲಿಗೆ ಎರಡು ಕದ. ಒಂದು ತೆರೆಯುತ್ತಿತ್ತು. ಇನ್ನೊಂದು, ಒಂಬತ್ತು ವರ್ಷದ ಹಿಂದೆ ಮೇಲಿನ ತೊಲೆ ಕುಸಿದು ಕದದ ನೆತ್ತಿಯ ಮೇಲೆ ಕೂತಾಗಿನಿಂದ ಕಚ್ಚಿಕೊಂಡ ಹಲ್ಲಿನ ಹಾಗೆ ನಿಂತುಬಿಟ್ಟಿತ್ತು. ತಿರುಗಣಿಗಳ ಸ್ಕ್ರೂಗಳು ತುಕ್ಕು ಹಿಡಿದು ಮರದ ಜೊತೆ ಒಂದಾಗಿದ್ದರಿಂದ ಕದವನ್ನು ಬಿಚ್ಚಿ ತೆಗೆಯುವಂತೆಯೂ ಇರಲಿಲ್ಲ. ಬೀದಿಯ ಅರ್ಧ ಮನೆಗಳ ಬಾಗಿಲನ್ನು ನೆಟ್ಟಗೆ ಮಾಡಿದ ಬಡಗಿ ಅಪ್ಪ ತಮ್ಮ ಬಾಗಿಲಿಗೆ ಮಾತ್ರ "ನಾಳೆ ನೋಡೋಣ" ಎನ್ನುತ್ತಲೇ ಬಂದಿದ್ದರು. ಇಂದು ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ಓರೆ ಮಾಡಿ ಒಂದೇ ಕದದಲ್ಲಿ ಒಳಗೆ ತಂದಿದ್ದರು. ಈಗ ಪೆಟ್ಟಿಗೆ ಖಾಲಿಯಿರಲಿಲ್ಲ. ಹಿತ್ತಿಲ ಬಾಗಿಲಿಗೆ ಹೋಗುವ ಮನೆಯೊಳಗಿನ ಓಣಿಯ ತಿರುವಿನಲ್ಲಿ ಹಿಂದೊಮ್ಮೆ ಮಂಚವನ್ನೇ ಬಿಚ್ಚಿ ಸಾಗಿಸಬೇಕಾಗಿತ್ತು, ಪೆಟ್ಟಿಗೆ ಅಲ್ಲಿ ತಿರುಗುವಂತಿರಲಿಲ್ಲ. ಮೂರು ಗಂಟೆಗೆ ಗಾಡಿ ಬರುತ್ತದೆ, ನಾಲ್ಕೂವರೆಗೆ ಸ್ಮಶಾನದ ಕಾವಲುಗಾರ ಗೇಟು ಹಾಕಿ ಮನೆಗೆ ಹೋಗುತ್ತಾನೆ. ಆಗ ಹನ್ನೊಂದಾಗಿತ್ತು.

"ಬದುಕಿದ್ದಷ್ಟು ದಿನ ನಾಳೆ ನಾಳೆ ಅಂದ," ಎಂದಳು ಸೋದರತ್ತೆ, ಮೂಲೆಯ ಕುರ್ಚಿಯಿಂದ. "ಈಗ ನೋಡು, ತಾನೇ ಒಳಗೆ ಸಿಕ್ಕಿಹಾಕಿಕೊಂಡ."

ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಅಮ್ಮ ನಗಲಿಲ್ಲ, ಅಳಲೂ ಇಲ್ಲ. ಎರಡು ವರ್ಷ ಹಾಸಿಗೆ ಹಿಡಿದ ಗಂಡನನ್ನು ಎತ್ತಿ, ಮಲಗಿಸಿ, ತೊಳೆದು, ಒರೆಸಿ ಅವಳ ಕಣ್ಣಿನ ಸುತ್ತ ಮಸಿ ಹಚ್ಚಿದ ಹಾಗಾಗಿತ್ತು. ಅಡ್ಡ ಮಾಡಿ, ಹಗ್ಗ ಕಟ್ಟಿ ಇಳಿಸಿದರೆ ಹೇಗೆ ಎಂದು ಗಂಡಸರು ಲೆಕ್ಕ ಹಾಕುತ್ತಿದ್ದಾಗ ಅವಳು ಆ ದಿನ ಮೊದಲ ಬಾರಿಗೆ ಬಾಯಿಬಿಟ್ಟಳು.

"ಬೀರು ಸಾಗಿಸಿದ ಹಾಗೆ ಅವರನ್ನ ಅಡ್ಡಡ್ಡ ಸಾಗಿಸಬೇಡಿ. ಮಲಗಿದ ಹಾಗೇ ಮುಂಬಾಗಿಲಿಂದ ಹೋಗಲಿ. ನಾನು ಕೇಳೋದು ಅದೊಂದೇ."

ಅದಾದ ಮೇಲೆ ಯಾರೂ ಹಗ್ಗದ ಮಾತೆತ್ತಲಿಲ್ಲ.

ಮೊಳೆ ಮಾಮ ಅಪ್ಪನ ಜೊತೆ ನಲವತ್ತು ವರ್ಷ ಒಂದೇ ಮರಗೆಲಸದ ಕೊಟ್ಟಿಗೆಯಲ್ಲಿ ಕೆಲಸ ಮಾಡಿದವರು. ಸದಾ ತುಟಿಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದರಿಂದ ಆ ಹೆಸರು. ಈಗ ಕೈ ನಡುಗುತ್ತದೆ, ಸಾಮಾನೆಲ್ಲ ಮಾರಿ ಆರು ವರ್ಷವಾಗಿದೆ. ಅಣ್ಣ ಫೋನು ಮಾಡಿದ ಬೇರೆ ಇಬ್ಬರು ಬಡಗಿಗಳೂ ಪರಸ್ಥಳದಲ್ಲಿದ್ದರು. ಮಾಮ ಕುರ್ಚಿ ಹತ್ತಿ ತೊಲೆಯನ್ನು ತಡವಿ ನೋಡಿ ಇಳಿದರು. ಕದದ ನೆತ್ತಿಯಿಂದ ಎರಡು ಅಕ್ಕಿಕಾಳಿನ ದಪ್ಪ ಮರ ತೆಗೆದರೆ ಸಾಕು, ಆದರೆ ಸುತ್ತಿಗೆ ಮುಟ್ಟುವ ಹಾಗಿಲ್ಲ, ಒಂದೇ ಏಟಿಗೆ ಬಿರುಕು ಬಾಯಿಬಿಟ್ಟು ಇಟ್ಟಿಗೆ ಕೆಳಗೆ ಬರುತ್ತದೆ ಎಂದರು. ಉಳಿಯನ್ನು ಬರಿಗೈಯಲ್ಲೇ ಒತ್ತಿ ಹೆರೆಯಬೇಕು. ಹಾಗೆ ಹೆರೆಯಬೇಕಾದರೆ ಉಳಿ ಕ್ಷೌರದ ಕತ್ತಿಯಂತಿರಬೇಕು.

ಮಂಚದ ಕೆಳಗಿನಿಂದ ಅಪ್ಪನ ಸಾಮಾನಿನ ಪೆಟ್ಟಿಗೆ ಬಂತು. ಮಾಮ ಅಗಲ ಉಳಿಯನ್ನು ಎತ್ತಿ ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡಿದರು. ಅದು ಕಚ್ಚದೆ ಜಾರಿತು.

"ಇದು ಬೆಣ್ಣೆನೂ ಕುಯ್ಯಲ್ಲ. ಎರಡು ವರ್ಷದ ತುಕ್ಕು."

ಅಡುಗೆಮನೆಯ ಸಾಣೆಕಲ್ಲು ನಡುವೆ ಸವೆದು ಬಟ್ಟಲಾಗಿತ್ತು, ಚಾಕುವಿಗಷ್ಟೇ ಲಾಯಕ್ಕು. ಅಪ್ಪ ಉಳಿ ಮಸೆಯುತ್ತಿದ್ದದ್ದು ದಪ್ಪ ಗಾಜಿನ ತುಂಡಿನ ಮೇಲೆ ಉಪ್ಪುಕಾಗದ ಹಾಸಿ, ನೀರು ಚಿಮುಕಿಸಿ. ಗಾಜು ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ಕಾಗದ ಮಾತ್ರ ಒಂದು ಚೂರೂ ಇರಲಿಲ್ಲ.

ವಿಮಾ ಕಚೇರಿಯಲ್ಲಿ ಗುಮಾಸ್ತನಾದ ಅಣ್ಣನಿಗೆ ಕೊನೆಗೂ ತನ್ನಿಂದ ಆಗುವ ಕೆಲಸವೊಂದು ಸಿಕ್ಕಿತು. ಸ್ಕೂಟರಿನಲ್ಲಿ ಹೋಗಿ ದೊಡ್ಡ ಅಂಗಡಿಯಿಂದ ಹಳದಿ ಬಣ್ಣದ ದಪ್ಪ ಹಾಳೆಗಳ ಕಟ್ಟನ್ನೇ ತಂದ. ನೋಡಿದ ಕೂಡಲೇ ಅದಲ್ಲವೆಂದು ಪುಟ್ಟಿಗೆ ತಿಳಿಯಿತು. ಬಾಯಿಗೆ ಬಂದದ್ದನ್ನು ಹೇಳಲೋ ಬೇಡವೋ ಎಂದು ಅವಳು ತೂಗುತ್ತಿರುವಾಗಲೇ ಮಾಮ ಹಾಳೆಯನ್ನು ಗಾಜಿಗೆ ಹಾಸಿ ನೀರು ಬಿಟ್ಟಾಗಿತ್ತು. ನಾಲ್ಕು ಸಲ ಉಳಿ ಎಳೆಯುವಷ್ಟರಲ್ಲಿ ಮರಳೆಲ್ಲ ಕಿತ್ತು ಬಂದು ಕೆಸರಾಯಿತು, ಕೆಳಗೆ ಬರೀ ರದ್ದಿ ಕಾಗದ ಉಳಿಯಿತು.

"ಇರೋದರಲ್ಲೇ ಒಳ್ಳೇದು ಕೊಡಿ ಅಂದೆ," ಎಂದ ಅಣ್ಣ. ಅವನ ದನಿ ಕೇಳಿ ಪುಟ್ಟಿಗೆ ಅಯ್ಯೋ ಅನ್ನಿಸಿತು.

"ಒಳ್ಳೇದೇ. ಮರ ಉಜ್ಜೋಕೆ. ಇದಕ್ಕೆ ನೀರು ಕುಡಿಸಿದರೆ ಇನ್ನೇನಾಗುತ್ತೆ?" ಮಾಮ ಕೈ ಒರೆಸಿಕೊಂಡರು. "ನಿಮ್ಮಪ್ಪ ಎಲ್ಲಿಂದ ತರ್ತಿದ್ದ? ನನಗೂ ಹೇಳಿದವನಲ್ಲ, ಕಳ್ಳ."

"ಪುಟ್ಟಿಗೆ ಗೊತ್ತು," ಎಂದಳು ಅಮ್ಮ.

ಎಲ್ಲರ ಕಣ್ಣೂ ಅವಳ ಕಡೆ ತಿರುಗಿತು. ಪೊರಕೆಯನ್ನು ಗೋಡೆಗೆ ಒರಗಿಸಿ ಅವಳು ತೆರೆದ ಆ ಒಂದು ಕದದಿಂದ ಹೊರಗೆ ಹೋದಳು.

*

ಕಾರುಗಳಿಗೆ ಬಣ್ಣ ಹೊಡೆಯುವ ಷೆಡ್ಡು ಶಾಲೆಯ ದಾರಿಯಲ್ಲಿತ್ತು. ಅಲ್ಲಿ ಕಾರಿನ ಮೈಯನ್ನು ಉಜ್ಜಿ ನುಣುಪು ಮಾಡಲು ಕಪ್ಪು ಬಣ್ಣದ, ನೀರಿಗೆ ಹೆದರದ ಉಪ್ಪುಕಾಗದ ಬಳಸುತ್ತಿದ್ದರು. ಸ್ವಲ್ಪ ಸವೆದ ಕೂಡಲೇ ಎಸೆಯುತ್ತಿದ್ದರು. ಅಪ್ಪನಿಗೆ ಬೇಕಾಗಿದ್ದದ್ದು ಅದೇ. ಪುಕ್ಕಟೆ ಸಿಗುತ್ತದೆಂಬುದು ಒಂದು. ಅದಕ್ಕಿಂತ ದೊಡ್ಡ ಕಾರಣವನ್ನು ಅವರು ಉಳಿ ಮಸೆಯುತ್ತಾ ಹೇಳುತ್ತಿದ್ದರು: "ಹೊಸ ಕಾಗದಕ್ಕೆ ಬರೀ ಉತ್ಸಾಹ, ಸಿಕ್ಕಿದ್ದನ್ನೆಲ್ಲ ಗೀಚುತ್ತೆ. ಸವೆದದ್ದಕ್ಕೆ ಬುದ್ಧಿ ಬಂದಿರುತ್ತೆ."

ಪುಟ್ಟಿಗೆ ಒಂಬತ್ತಾದಾಗ ಆ ಕೆಲಸ ಅವಳ ಪಾಲಿಗೆ ಬಂತು. ಸವೆದದ್ದು ಇದ್ದರೆ ಕೊಡಿ ಅನ್ನು, ಅಷ್ಟೇ, ಎಂದಿದ್ದರು ಅಪ್ಪ. ಆ ಅಷ್ಟೇ ಎಂಬುದು ಅವಳಿಗೆ ಬೆಟ್ಟವಾಯಿತು. ಎಸೆಯುವ ವಸ್ತುವನ್ನು ಬಾಯಿಬಿಟ್ಟು ಕೇಳುವುದು ಹೇಗೆ? ಮೊದಲ ದಿನ ಷೆಡ್ಡಿನ ಎದುರು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ ಬಗ್ಗಿ ಸಾಕಾಗಿ ಮನೆಗೆ ಬಂದು, ಪೇಂಟರ್ ಇರಲಿಲ್ಲ ಎಂದಳು. ಎರಡನೆಯ ದಿನ, ಸವೆದದ್ದು ಇರಲಿಲ್ಲ ಎಂದಳು. ಮೂರನೆಯ ದಿನ ಪಕ್ಕದ ಅಂಗಡಿಗೆ ಹೋಗಿ, ತನ್ನ ಪೆನ್ಸಿಲಿನ ಕಾಸು ಕೊಟ್ಟು, ಬೆರಳು ತೋರಿಸಿ ಒಂದು ಹೊಸ ಹಾಳೆ ಕೊಂಡಳು. ಬೆರಳು ತೋರಿಸಿದರೆ ಮಾತು ಬೇಕಿರಲಿಲ್ಲ. ಆಮೇಲೆ ಮನೆಯವರೆಗೂ ಆ ಹಾಳೆಯನ್ನು ದಾರಿಯ ಗೋಡೆಗಳಿಗೆ ಉಜ್ಜುತ್ತಾ ಬಂದಳು. ಸವೆದದ್ದಾಗಿ ಕಾಣಬೇಕಲ್ಲ.

ಅಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ, ಚೆನ್ನಾಗಿ ಸವೆದಿದೆ ಎಂದರು. ಆ ದಿನ ಅಗಲ ಉಳಿಯ ಬಾಯಿಯ ತುಂಬ ಗೀರು ಬಿದ್ದವು. ಹಳೆಯ ಚೂರೊಂದನ್ನು ಹುಡುಕಿ ಅಪ್ಪ ಸಂಜೆಯವರೆಗೂ ಆ ಗೀರುಗಳನ್ನು ತಿಕ್ಕುತ್ತಾ ಕೂತರು. ಪುಟ್ಟಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಗದರಿದ್ದರೆ ಅತ್ತು ಹಗುರಾಗಬಹುದಿತ್ತು. ಅವರು ಗದರಲಿಲ್ಲ.

ಮುಂದಿನ ವಾರ ಷೆಡ್ಡಿನ ಕಂಬಕ್ಕೆ ಒಂದು ತಗಡಿನ ಡಬ್ಬ ಬಂದಿತ್ತು, ಒಳಗೆ ಸವೆದ ಹಾಳೆಗಳು. ಕೈಹಾಕಿ ತೆಗೆದುಕೊಂಡರಾಯಿತು, ಯಾರನ್ನೂ ಕೇಳಬೇಕಿರಲಿಲ್ಲ. ತನ್ನ ಅದೃಷ್ಟ ಎಂದುಕೊಂಡು ಶಾಲೆ ಮುಗಿಯುವವರೆಗೂ ಅವಳು ಅದರಿಂದಲೇ ತಂದಳು. ಅಪ್ಪನಿಗೆ ಮೋಸ ಮಾಡಿದೆ ಎಂಬ ಗೋಡೆಯ ಸಂಗತಿ ಮಾತ್ರ ಕಾಲಿಗೆ ಹೊಕ್ಕ ಮುಳ್ಳಿನ ಹಾಗೆ ಒಳಗೇ ಉಳಿಯಿತು.

*

ಷೆಡ್ಡು ಈಗ ಎರಡರಷ್ಟು ದೊಡ್ಡದಾಗಿತ್ತು. ಕಂಬವಿತ್ತು, ಡಬ್ಬವಿರಲಿಲ್ಲ. ಒಳಗೆ ಒಂದು ಕಾರಿನ ಬಾಗಿಲನ್ನು ಮುದುಕರೊಬ್ಬರು ಒದ್ದೆ ಕಾಗದದಿಂದ ಉಜ್ಜುತ್ತಿದ್ದರು. ಪುಟ್ಟಿ ಗಂಟಲು ಸರಿಮಾಡಿಕೊಂಡಳು.

"ಸವೆದದ್ದು ಇದ್ದರೆ ಕೊಡಿ."

ಇಪ್ಪತ್ತೆರಡು ವರ್ಷ ತಡವಾಗಿ ಹೊರಟ ಮಾತು. ಪೇಂಟರ್ ಮೂಗಿನ ಬಟ್ಟೆ ಕೆಳಗೆ ಸರಿಸಿ ಅವಳನ್ನು ದಿಟ್ಟಿಸಿದರು. ಬಡಗಿಯ ಮಗಳಲ್ಲವೇ ಎಂದು ಕೇಳಿದರು, ಸುದ್ದಿ ತಿಳಿಯಿತು, ಮೂರಕ್ಕೆ ಬರುವವನಿದ್ದೆ ಎಂದರು. ಇಂಥ ದಿನ ಕಾಗದವೇಕೆ ಎಂದಾಗ ಅವಳು ಬಾಗಿಲಿನ ಕತೆ ಹೇಳಬೇಕಾಯಿತು.

"ಆ ಕದ ಇನ್ನೂ ತೆಗೆದಿರಲಿಲ್ವಾ ಅವರು?" ಪೇಂಟರ್ ನಗುತ್ತಲೇ ಕಣ್ಣೊರೆಸಿಕೊಂಡರು. ಬಕೆಟ್ಟಿನ ಪಕ್ಕದ ರಾಶಿಯಿಂದ ಒಂದೊಂದೇ ಹಾಳೆಯನ್ನು ಕೆನ್ನೆಗೆ ತಾಗಿಸಿ ಆರಿಸಿದರು. ತುಕ್ಕಿಗೆ ಇದು, ಆಮೇಲೆ ಇದು, ಕೊನೆಗೆ ಅಲಗಿಗೆ ಈ ಪೂರ್ತಿ ಸವೆದದ್ದು ಎಂದು ಒಂದರ ಮೇಲೊಂದು ಇಟ್ಟು ಕೊಟ್ಟರು. ಅವಳು ಪರ್ಸಿಗೆ ಕೈ ಹಾಕಿದಾಗ ಬೇಡವೆಂದು ಕೈಯಾಡಿಸಿದರು.

"ಮೊದಲು ಇಲ್ಲೊಂದು ಡಬ್ಬ ಇತ್ತು," ಎಂದಳು, ಏನಾದರೂ ಹೇಳಬೇಕೆಂದು.

"ತುಕ್ಕು ತಿಂದುಬಿಡ್ತು ತಾಯಿ. ನಿಮ್ಮಪ್ಪನೇ ತಂದು ಹೊಡೆದದ್ದು." ಪೇಂಟರ್ ಕಂಬದ ಕಡೆ ಗದ್ದ ತೋರಿಸಿದರು. "ಒಂದಿನ ಡಬ್ಬ, ಸುತ್ತಿಗೆ ಹಿಡಿದುಕೊಂಡು ಬಂದರು. ನನ್ನ ಮಗಳು ಹೊಸ ಕಾಗದ ಕೊಂಡು, ಗೋಡೆಗೆ ಉಜ್ಜಿ, ಅದಕ್ಕೆ ವಯಸ್ಸು ಮಾಡಿ ತಂದಿದಾಳೆ, ಕೇಳೋಕೆ ಅಷ್ಟು ಕಷ್ಟಪಡೋ ಮಗು ಹತ್ರ ಕೇಳಿಸಿದ್ದು ನನ್ನದೇ ತಪ್ಪು ಅಂದರು. ಇದರಲ್ಲಿ ಹಾಕಿಡು, ಅವಳು ತಾನೇ ತಗೊಂಡು ಹೋಗ್ತಾಳೆ ಅಂದರು."

"ಗೋಡೆಗೆ ಉಜ್ಜಿದ್ದು ಅವರಿಗೆ ಗೊತ್ತಾಗಿತ್ತಾ?"

"ಕಾಗದದ ತುಂಬ ಸುಣ್ಣ ಇತ್ತಂತೆ. ಹೇಳಿ ಹೇಳಿ ನಕ್ಕರು. ಹೋಗುವಾಗ ಮಾತ್ರ ಗಟ್ಟಿಯಾಗಿ ಹೇಳಿದರು, ಅವಳಿಗೆ ಗೊತ್ತಾಗಬಾರದು, ನಾಚಿಕೊಂಡುಬಿಡ್ತಾಳೆ ಅಂತ. ಈಗ ಹೇಳಬಹುದು ಅಂತ ಹೇಳಿದೆ. ತಪ್ಪಾಯ್ತಾ?"

ಪುಟ್ಟಿ ಇಲ್ಲವೆಂದು ತಲೆಯಾಡಿಸಿದಳು. ಹೊರಗೆ ಬಿಸಿಲಿಗೆ ಬಂದು ಹತ್ತು ಹೆಜ್ಜೆ ನಡೆದಿರಬೇಕು, ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅಪ್ಪನ ಹೆಣ ಮನೆಯಲ್ಲಿರುವಾಗ ನಡುಬೀದಿಯಲ್ಲಿ ಒಬ್ಬಳೇ ನಗುವವಳನ್ನು ಕಂಡು ಸೈಕಲ್ಲಿನವನೊಬ್ಬ ತಿರುತಿರುಗಿ ನೋಡಿದ. ನೋಡಿದರೆ ನೋಡಲಿ ಎನ್ನಿಸಿದ್ದು ಅವಳಿಗೆ ಬಹುಶಃ ಅದೇ ಮೊದಲು.

*

ತುಕ್ಕು ಕಪ್ಪು ನೀರಾಗಿ ಇಳಿಯಿತು. ಎರಡನೆಯ ಹಾಳೆಯಲ್ಲಿ ಉಕ್ಕು ಕಂಡಿತು, ಮೂರನೆಯದರಲ್ಲಿ ಅದು ಕನ್ನಡಿಯಾಯಿತು. ಎಳೆಯುವಾಗ ಉಳಿಯ ಬೆನ್ನಿನ ಮೇಲೆ ಎರಡು ಬೆರಳಿಟ್ಟು ಸಮನಾಗಿ ಒತ್ತುವುದನ್ನು ಪುಟ್ಟಿಗೆ ಯಾರೂ ಕಲಿಸಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದ್ದಷ್ಟೇ. ಮಾಮ ಮತ್ತೆ ಉಗುರಿನ ಮೇಲಿಟ್ಟು ನೋಡಿದರು. ಈ ಸಲ ಉಳಿ ಕಚ್ಚಿಕೊಂಡು ನಿಂತಿತು.

"ಕುರ್ಚಿ ಹತ್ತು," ಎಂದರು ಅವರು. "ನನ್ನ ಕೈ ನೋಡಿದೀಯಲ್ಲ. ಬಾಯಿ ನಂದು, ಕೈ ನಿಂದು."

ಅಣ್ಣ ಕುರ್ಚಿಯನ್ನು ಹಿಡಿದು ನಿಂತ. ಪುಟ್ಟಿ ಉಳಿಯನ್ನು ಕದದ ನೆತ್ತಿಗೆ ಆನಿಸಿ, ಮಾಮ ಹೇಳಿದಂತೆ ಭುಜದಿಂದ ತಳ್ಳಿದಳು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಮರ ಸುರುಳಿಯಾಗಿ ಎದ್ದು ಬಂತು. ಆಸೆಪಡಬೇಡ, ದಪ್ಪ ತೆಗೆಯೋಕೆ ಹೋಗಬೇಡ ಎಂದು ಮಾಮ ಕೆಳಗಿನಿಂದ ಹೇಳುತ್ತಲೇ ಇದ್ದರು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಅವಳ ತೋಳು ನೋಯತೊಡಗಿತು. ಬಿರುಕಿನಿಂದ ಒಂದು ಕಾಳು ಗಾರೆಯೂ ಉದುರಲಿಲ್ಲ. ಎರಡೂವರೆಗೆ ಗಾಡಿಯವನು ಬೇಗನೇ ಬಂದು ಹೊರಗೆ ಹಾರನ್ ಮಾಡಿದ. ಸೋದರತ್ತೆ ಹೋಗಿ, ನಮ್ಮಣ್ಣ ಜೀವಮಾನದಲ್ಲಿ ಯಾವತ್ತೂ ಹೇಳಿದ ಹೊತ್ತಿಗೆ ಹೊರಟವನಲ್ಲ, ಸುಮ್ಮನೆ ಕೂತುಕೋ ಎಂದು ಹೇಳಿ ಬಂದಳು.

ಮೂರಕ್ಕೆ ಹತ್ತು ನಿಮಿಷವಿರುವಾಗ ಉಳಿಯ ತುದಿ ಮರ ದಾಟಿ ಖಾಲಿಗೆ ಹೋಯಿತು.

"ಇಳಿ," ಎಂದರು ಮಾಮ. "ಈಗ ಎಳಿಯಪ್ಪ. ಜಗ್ಗಬೇಡ, ಬಾ ಅಂತ ಕರಿ."

ಅಣ್ಣ ಚಿಲಕ ಹಿಡಿದು ಮೆಲ್ಲಗೆ ಎಳೆದ. ಕದ ಒಮ್ಮೆ ನರಳಿ, ಜೇಡರ ಬಲೆಯನ್ನು ಹರಿದುಕೊಂಡು, ಗೋಡೆಯವರೆಗೂ ಬಂದು ನಿಂತಿತು. ಒಂಬತ್ತು ವರ್ಷ ಬಿಸಿಲು ಕಾಣದ ನೆಲದ ಮೇಲೆ ಬಿಸಿಲು ಬಿತ್ತು. ತುಂಬಿದ ಮನೆ ಒಟ್ಟಿಗೇ ಉಸಿರು ಬಿಟ್ಟದ್ದು ಕೇಳಿಸಿತು.

ಆರು ಜನ, ಮೂವರು ಆಚೆ ಮೂವರು ಈಚೆ, ಅಪ್ಪನನ್ನು ಮಲಗಿದ ಹಾಗೇ ಎತ್ತಿಕೊಂಡು ಹೊಸ್ತಿಲು ದಾಟಿದರು. ಎರಡೂ ಕಡೆ ಒಂದೊಂದು ಗೇಣು ಜಾಗ ಮಿಕ್ಕಿತ್ತು. ಹೊರಗೆ ಪೇಂಟರ್ ಕೈಕಟ್ಟಿ ನಿಂತಿದ್ದರು. ಅಮ್ಮ ಬಾಗಿಲಿಗೆ ಬಂದು, ಕೆಲಸಕ್ಕೆ ಹೊರಟವರಿಗೆ ದಿನಾ ಹೇಳುವ ಹಾಗೆ, "ಹೋಗಿ ಬನ್ನಿ," ಎಂದಳು. ತಾನೇನು ಹೇಳಿದೆ ಎಂದು ತಿಳಿದ ಮೇಲೂ ಅದನ್ನು ತಿದ್ದಲು ಹೋಗಲಿಲ್ಲ.

*

ಸ್ಮಶಾನದಿಂದ ಅವರೆಲ್ಲ ಹಿಂತಿರುಗಿದಾಗ ಐದೂವರೆಯಾಗಿತ್ತು. ಅಣ್ಣ ಎಲ್ಲರಿಗಿಂತ ಮುಂದಿದ್ದ. ಮೆಟ್ಟಿಲು ಹತ್ತಿದವನು ಥಟ್ಟನೆ ನಿಂತು, ನಿಲ್ಲಿ ಎಂದು ಹಿಂದಿನವರಿಗೆ ಕೈ ತೋರಿಸಿದ. ಪುಟ್ಟಿ ಅವನ ಭುಜದ ಪಕ್ಕದಿಂದ ಇಣುಕಿದಳು.

ಅಗಲಕ್ಕೆ ತೆರೆದ ಬಾಗಿಲಿನಿಂದ ಗಾಳಿ ಮನೆಯೊಳಗೆ ಹಾದು ಹಿತ್ತಿಲಿನಿಂದ ಹೊರಗೆ ಹೋಗುತ್ತಿತ್ತು. ಆ ಗಾಳಿಗೆ ಅಡ್ಡಲಾಗಿ, ಹೊಸ್ತಿಲ ಒಳಗೆ ಬರಿನೆಲದ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು ಅಮ್ಮ ಮಲಗಿದ್ದಳು. ಬಾಯಿ ಅರ್ಧ ತೆರೆದಿತ್ತು. ಸಣ್ಣಗೆ ಗೊರಕೆ ಕೇಳುತ್ತಿತ್ತು.

ಸೋದರತ್ತೆ ತುಟಿಯ ಮೇಲೆ ಬೆರಳಿಟ್ಟಳು. ಅಣ್ಣ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತ. ಅವನ ಪಕ್ಕದಲ್ಲಿ ಮೊಳೆ ಮಾಮ, ಕೆಳಗಿನ ಮೆಟ್ಟಿಲಲ್ಲಿ ಪುಟ್ಟಿ, ಬೀದಿಯಂಚಿನ ಕಲ್ಲಿನ ಮೇಲೆ ಉಳಿದವರು. ಕತ್ತಲಾಗುವವರೆಗೂ ಯಾರೂ ಒಳಗೆ ಹೋಗಲಿಲ್ಲ.